ಬುಟ್ಟಿ ಒಳಗೆ, ಹೆಣೆದವಳು ಅಂಗಳದಾಚೆ

ಪರ್ಕಳದ ನಮ್ಮ ಮನೆಯಲ್ಲಿ ಅಕ್ಕಿ ಇರುತ್ತಿದ್ದದ್ದು ಕೊರಗರ ಬುಟ್ಟಿಯಲ್ಲಿ. ಬೂರಿನಿಂದ, ಅಂದರೆ ಕಾಡಿನ ಬಳ್ಳಿಯಿಂದ ಹೆಣೆದದ್ದು. ತರುತ್ತಿದ್ದ ಹೆಂಗಸು ಅಂಗಳದ ಅಂಚಿನಲ್ಲೇ ನಿಂತು ಕೂಗುತ್ತಿದ್ದಳು. ಅಮ್ಮ ಬುಟ್ಟಿಗೆ ನೀರು ಚಿಮುಕಿಸಿ ಒಳಗೆ ತರುತ್ತಿದ್ದಳು. ನಾವೇನು ಬ್ರಾಹ್ಮಣರಲ್ಲ, ಬಂಟರೂ ಅಲ್ಲ. ಬೇರೆಯವರ ಅಂಗಳದ ಅಂಚಿನಲ್ಲಿ ನಿಂತು ಕೂಗಿದವರೇ. ಆದರೂ ನಮಗೊಂದು ಅಂಗಳ ಸಿಕ್ಕಿದ ಕೂಡಲೇ ಅದಕ್ಕೊಂದು ಅಂಚು ಮಾಡಿಕೊಂಡೆವು. ದಲಿತ ವಿಮರ್ಶೆಯ ಸಂಚಿಕೆಗೆ ಬರೆಯುವಾಗ ಇದನ್ನು ಮೊದಲು ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದ್ದೆಲ್ಲ ಬರೀ ಬೇರೆಯವರ ಮೇಲಿನ ದೂರಾಗುತ್ತದೆ.

ನೀರು ಬಿದ್ದ ಮೇಲೆ ಬುಟ್ಟಿ ಶುದ್ಧ. ಹೆಣೆದವಳಿಗೆ ಆ ನೀರಿಲ್ಲ. ನಮ್ಮ ಕಲಾವಿಮರ್ಶೆಯೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತ ಬಂದಿದೆ ಎಂಬುದು ನನ್ನ ತಕರಾರು. ‘ಸಂಪ್ರದಾಯ’, ‘ಸಹಜ ಸೌಂದರ್ಯ’, ‘ಜನಪದ ಚೈತನ್ಯ’ ಅಂತ ಚಿಮುಕಿಸಿ ವಸ್ತುವನ್ನು ಒಳಗೆ ತೆಗೆದುಕೊಳ್ಳುತ್ತದೆ, ಕೈಯನ್ನು ಹೊರಗೆ ಬಿಡುತ್ತದೆ. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಎಂಬ ಮಾತೆತ್ತಿದಾಗ ಕನ್ನಡ ಸಾಹಿತ್ಯ ಉತ್ತರ ಹೇಳಬೇಕಾಯಿತು. ಚಿತ್ರ, ಶಿಲ್ಪ, ಬುಟ್ಟಿ, ಮಡಕೆಗಳ ಬಗ್ಗೆ ಬರೆಯುವವರು ಹೇಗೋ ತಪ್ಪಿಸಿಕೊಂಡರು. 1911ರಲ್ಲಿ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ಒಂದೊಂದು ಗೆರೆಯನ್ನೂ ಅವರ ಹೆಸರಿನಲ್ಲೇ ನೋಡುತ್ತೇವೆ. ನೋಡಬೇಕಾದದ್ದೇ. ಅದೇ ಸೀಮೆಯ ಬುಟ್ಟಿಗೆ ಇರುವುದು ಜಾತಿಯ ಹೆಸರು ಮಾತ್ರ. ಒಂದು ಲಲಿತಕಲೆ, ಇನ್ನೊಂದು ಕುಲಕಸುಬು.

ಆನಂದ ಕುಮಾರಸ್ವಾಮಿಯವರು 1909ರ ‘ದಿ ಇಂಡಿಯನ್ ಕ್ರಾಫ್ಟ್ಸ್‌ಮನ್’ ಪುಸ್ತಕದಲ್ಲಿ ವಂಶಪಾರಂಪರ್ಯದ ಕಸುಬನ್ನು ಯಂತ್ರಯುಗಕ್ಕೆ ಎದುರಾಗಿ ಎತ್ತಿಹಿಡಿದರು. ವಸಾಹತು ಕಾಲದಲ್ಲಿ ಅದಕ್ಕೊಂದು ಬೆಲೆಯಿತ್ತು, ಒಪ್ಪೋಣ. ಆದರೆ ಮಗ ಅಪ್ಪನ ಕಸುಬನ್ನೇ ಹಿಡಿಯುವಲ್ಲಿ ಅವರು ಕಂಡದ್ದು ನೆಮ್ಮದಿಯನ್ನು. 1936ರಲ್ಲಿ ‘ಜಾತಿ ವಿನಾಶ’ ಬರೆದ ಅಂಬೇಡ್ಕರ್ ಅದೇ ಜಾಗದಲ್ಲಿ ಕಂಡದ್ದು ಬೇರೆ: ಜಾತಿ ವಿಂಗಡಿಸುವುದು ಕೆಲಸವನ್ನಲ್ಲ, ಕೆಲಸಗಾರರನ್ನು, ಅದೂ ಒಬ್ಬರ ಕೆಳಗೆ ಒಬ್ಬರಾಗಿ. ಕೊರಗರ ಮಟ್ಟಿಗೆ ಸಂಪ್ರದಾಯ ಅಂದರೆ ಬುಟ್ಟಿ ಮಾತ್ರವಲ್ಲ, ಅಜಲೂ ಹೌದು. ಮೇಲ್ಜಾತಿಯವರ ಅನಿಷ್ಟ ಕಳೆಯಲೆಂದು ಅವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದ ಪದ್ಧತಿ ಅದು. ಅದನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಸಂವಿಧಾನ ಜಾರಿಯಾಗಿ ಐವತ್ತು ವರ್ಷವಾದ ಮೇಲೆ!

ಪರ್ಕಳದಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಮಣಿಪಾಲ. ಅಲ್ಲಿನ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದರು. ಆ ದುಡಿಮೆ ಇಲ್ಲದಿದ್ದರೆ ಎಷ್ಟೋ ಕಂಬಗಳು ಗುಜರಿ ಸೇರುತ್ತಿದ್ದವು. ಆದರೆ ಅಂಥ ಮನೆಗಳಿಂದ ಎಷ್ಟು ಮಾರು ದೂರದಲ್ಲಿ ಬುಟ್ಟಿಯವಳು ನಿಲ್ಲಬೇಕಿತ್ತು ಎಂಬುದನ್ನು ಯಾವ ಬಡಗಿ ಜೋಡಿಸಬಲ್ಲ? ಮನೆಯ ಅರ್ಥದಲ್ಲಿ ಆ ದೂರವೂ ಸೇರಿದೆ. ಅದನ್ನು ಓದುವುದು ವಿಮರ್ಶಕನ ಕೆಲಸ.

ಹಾಗಾದರೆ ಬುಟ್ಟಿಯನ್ನೇ ಬಿಸಾಡಿ, ಅದು ಗುಲಾಮಗಿರಿಯ ಗುರುತು ಎನ್ನುವ ಗೆಳೆಯರಿದ್ದಾರೆ. ನಾನೂ ಹಾಗೇ ಭಾಷಣ ಮಾಡಿದ್ದೆ. ಒಂದು ದಿನ ಕೊರಗರ ಕಾಲನಿಯಲ್ಲಿ ವಯಸ್ಸಾದ ಒಬ್ಬರು ಹೆಣೆಯುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದೆ.

“ಅಕ್ಕ, ಇದರ ಅರ್ಥ ಎಂತದು?” ಅಂದೆ. ಪೇಟೆಯ ಪ್ರಶ್ನೆ.

ತಲೆ ಎತ್ತಲಿಲ್ಲ. “ಅರ್ಥ ಎಂತದು ಮಗಾ? ಅಕ್ಕಿ ಸೋರಬಾರ್ದು.”

ಮತ್ತೆ ಬಳ್ಳಿಯನ್ನು ನನ್ನ ಕೈಗೇ ಕೊಟ್ಟರು. ಅಡಿಗೆ ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟೆ, ಎಂಟು ತುದಿಯಾಯಿತು. ಸುತ್ತತೊಡಗಿದೆ. ಎರಡನೇ ಸುತ್ತಿನಲ್ಲಿ ಬಳ್ಳಿ ಮೊದಲಿನ ದಾರಿಯನ್ನೇ ಹಿಡಿಯಿತು. ಮೇಲಿದ್ದಲ್ಲಿ ಮೇಲೇ, ಕೆಳಗಿದ್ದಲ್ಲಿ ಕೆಳಗೇ. ಹಿಡಿತವೇ ಇಲ್ಲ. ಅವರಿಗೆ ನಗು. “ಒಂದು ಹೆಚ್ಚು ಹಾಕು” ಅಂದರು. ಒಂಬತ್ತಾದಾಗ ಮೇಲೆ ಹೋದದ್ದು ಮುಂದಿನ ಸುತ್ತಿಗೆ ಕೆಳಗೆ ಬಂತು, ಬುಟ್ಟಿಗೆ ಅಡಿ ಕೂತಿತು. ಒಂದೇ ಬಳ್ಳಿಯಿಂದ ಸುತ್ತುವುದಾದರೆ ಕಡ್ಡಿಯ ತುದಿ ಬೆಸವಾಗಿರಬೇಕು. ಇದನ್ನು ‘ಸಹಜ’ ಅನ್ನುವವರು ಒಮ್ಮೆ ಕೂತು ಹೆಣೆದು ನೋಡಲಿ.

ಇನ್ನೊಂದು ಸಂಗತಿ. ಮೂಲೆಯಲ್ಲಿ ಏಳೆಂಟು ಬುಟ್ಟಿಗಳಿದ್ದವು. ನನ್ನ ಕಣ್ಣಿಗೆ ಎಲ್ಲ ಒಂದೇ. ಅವರು ಒಂದೊಂದನ್ನೇ ತಿರುಗಿಸಿ, ಇದು ನನ್ನದು, ಇದು ತಂಗಿಯದ್ದು, ಇದು ಸೊಸೆಯದ್ದು, ಬಾಯಿ ಬಿಗಿ ಸಾಲದು ಅಂತ ಹೇಳುತ್ತ ಹೋದರು. ಪ್ರದರ್ಶನದ ಚೀಟಿಗಳಲ್ಲಿ ‘ಅಜ್ಞಾತ ಕುಶಲಕರ್ಮಿ’ ಎಂದು ಬರೆಯುತ್ತಾರಲ್ಲ, ಯಾರಿಗೆ ಅಜ್ಞಾತ? ಸಹಿ ಅಲ್ಲೇ, ಬಾಯಿಯ ಬಿಗಿಯಲ್ಲಿತ್ತು. ಓದಲು ಬಾರದವರು ನಾವು.

ಕಾಲೇಜಿಗೆ ಹೋಗುವ ಮೊಮ್ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. “ನನಗೂ ಹೆಣೆಯಲಿಕ್ಕೆ ಬರ್ತದೆ. ಮಾರ್ಲಿಕ್ಕೆ ಹೋಗುದಿಲ್ಲ” ಅಂದಳು. ಪ್ಲಾಸ್ಟಿಕ್ಕಿನಿಂದಲೇ ಈ ಕಸುಬು ಹಾಳಾಯಿತು ಎಂದು ಮರುಗುವವರು ಈ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೊರಗ ಸಂಘಟನೆಗಳು ಪ್ರತಿ ಆಗಸ್ಟಿನಲ್ಲಿ ಭೂಮಿ ಹಬ್ಬ ಮಾಡುತ್ತವೆ, ಬುಟ್ಟಿ ಹಬ್ಬವನ್ನಲ್ಲ.

ಹೊರಡುವಾಗ ಅವರದೇ ಒಂದು ಬುಟ್ಟಿ ಕೊಂಡೆ. ಉತ್ಸಾಹದಲ್ಲಿ, “ಅಕ್ಕ, ಅಡಿಯಲ್ಲಿ ನಿಮ್ಮ ಹೆಸರು ಬರೀತೇನೆ” ಅಂತ ಪೆನ್ನು ತೆಗೆದೆ.

“ಬರೆ. ಹೆಸರು ಹಾಕಿದ್ರೆ ರೇಟು ಜಾಸ್ತಿ ಕೊಡ್ತಿಯಾ?”

ಹೇಳಿದ ರೇಟಿನಲ್ಲಿ ಹತ್ತು ರೂಪಾಯಿ ಇಳಿಸಿ ಆಗಲೇ ಕೊಟ್ಟಾಗಿತ್ತು.