ರೂಮು ಕಟ್ಟುವ ಮುನ್ನ

1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ, ಅದರ ಜೊತೆಗೆ ಕೃಷಿ ವಿಶ್ವವಿದ್ಯಾಲಯ, ಸಪ್ತಾಪುರದ ಕೋಚಿಂಗ್ ಕ್ಲಾಸುಗಳು. ಇಷ್ಟನ್ನು ನಂಬಿ ಧಾರವಾಡದಲ್ಲಿ ವಿದ್ಯಾರ್ಥಿಗಳಿಗೆಂದೇ ಮನೆ ಕಟ್ಟುವವರು ಬಹಳ. ನಿವೃತ್ತಿಯ ಹಣ ಕೈಗೆ ಬಂದವರಿಗೆಲ್ಲ ಸಿಗುವ ಸಲಹೆಯೂ ಇದೇ: ‘ಬ್ಯಾಂಕಿನಲ್ಲಿಟ್ಟು ಏನು ಮಾಡ್ತೀರಿ, ಮ್ಯಾಲೆ ನಾಲ್ಕು ರೂಮು ಎಬ್ಬಿಸ್ರಿ.’ ಈ ಸಲಹೆಯನ್ನು ಲೆಕ್ಕಕ್ಕೆ ಹಚ್ಚಿ ನೋಡಬೇಕು.

ಜಾಗ, ಕಟ್ಟಡ ಸೇರಿ 80 ಲಕ್ಷ ರೂಪಾಯಿ ಎಂದುಕೊಳ್ಳೋಣ. ಸಂಸಾರಸ್ಥರಿಗೆ ಕೊಟ್ಟರೆ ತಿಂಗಳಿಗೆ 18 ಸಾವಿರ ಬಂದೀತು. ಹಾಕಿದ ದುಡ್ಡಿಗೆ ಶೇ 2.7. ಎಂಟು ರೂಮು ಮಾಡಿ, ರೂಮಿಗೆ ಇಬ್ಬರಂತೆ, ತಲೆಗೆ 3 ಸಾವಿರ ಹಿಡಿದರೆ ವರ್ಷಕ್ಕೆ 5.76 ಲಕ್ಷ, ಶೇ 7.2. ಎಲ್ಲರೂ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಎರಡು ತಿಂಗಳು ಖಾಲಿ. ನೀರು, ಕರೆಂಟು, ಸುಣ್ಣಬಣ್ಣ, ಆಸ್ತಿ ತೆರಿಗೆಗೆ ಒಂದು ಲಕ್ಷ. ಉಳಿಯುವುದು ಶೇ 4.75. ಗೃಹಸಾಲದ ಬಡ್ಡಿ ಶೇ 8.5 ಇದ್ದರೆ ಕಂತಿಗೆ ಕೈಯಿಂದಲೇ ಹಾಕಬೇಕು. ಜಾಗದ ಬೆಲೆ ಏರುತ್ತದೆ, ನಿಜ. ಆದರೆ ಅದು ರೂಮು ಕಟ್ಟದಿದ್ದರೂ ಏರುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಹುಡುಗರು ಊರಿಗೆ ಹೋದಾಗ ಕಂತು ಮಾತ್ರ ನಿಂತೇ ಹೋಗಲಿಲ್ಲ, ಮುಂದಕ್ಕೆ ಹೋಯಿತು, ಬಡ್ಡಿ ಸಮೇತ.

ಸಂಸಾರದ ಬಾಡಿಗೆಗಿಂತ ಹೆಚ್ಚಾಗಿ ಬಂದದ್ದು ನಿಜವಾಗಿ ದುಡಿಮೆಯ ಕೂಲಿ. ನೀರನ್ನೇ ತೆಗೆದುಕೊಳ್ಳಿ: ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರಲ್ಲೇ ದಿನವಿಡೀ ನೀರು ಬಂತು. ಉಳಿದ ಕಡೆ ದಿನಗಟ್ಟಲೆ ಕಾಯಬೇಕಾಯಿತು. ಹದಿನಾರು ಜನರಿರುವ ಮನೆಯಲ್ಲಿ ಟ್ಯಾಂಕು ಬರಿದಾದ ಬೆಳಗ್ಗೆ ಟ್ಯಾಂಕರಿಗೆ ಫೋನು ಮಾಡಬೇಕಾದವರು ಮಾಲೀಕರೇ.

ಈ ದುಡಿಮೆ ತಪ್ಪಿಸಿಕೊಂಡವರ ರೂಮುಗಳನ್ನು ನೋಡಬೇಕು. ಹಾಲಿಗೆ ಅಡ್ಡ ಪ್ಲೈವುಡ್ ಹೊಡೆದು ಎರಡು ಮಾಡಿದ್ದು, ಕಿಟಕಿ ಒಂದು ಪಾಲಿಗಷ್ಟೇ, ಎಂಟು ಜನರಿಗೊಂದು ಬಚ್ಚಲು. ಊರಿನ ಬಸ್ಸಿನಲ್ಲಿ ಬಂದ ರೊಟ್ಟಿಯ ಬುತ್ತಿ ಇಡಲು ಮಂಚದ ಕೆಳಗೇ ಜಾಗ. ಹಗಲಲ್ಲೂ ಲೈಟು ಹಾಕಿ ಓದಬೇಕು. ಓದಲೆಂದೇ ಬಂದವರಿಗೆ ಇದನ್ನು ಬಾಡಿಗೆಗೆ ಕೊಡುವುದು ಅನ್ಯಾಯ. ನಷ್ಟವೂ ಹೌದು: ಇಂಥ ರೂಮು ಹಿಡಿದವರು ವರ್ಷ ತುಂಬುವ ಮೊದಲೇ ಬೇರೆ ಕಡೆ ನೋಡುತ್ತಾರೆ.

ಸ್ವಂತ ಜಾಗವಿದ್ದು, ಕೆಳಗೆ ತಾವೇ ಇದ್ದು, ನೀರು-ನಲ್ಲಿ ನೋಡಿಕೊಳ್ಳುವವರಿಗೆ ಇದು ಮರ್ಯಾದೆಯ ಕಸುಬು. ಸಾಲ ಮಾಡಿ ಕಟ್ಟಿಸಿ, ದೂರದ ಊರಲ್ಲಿ ಕೂತು ಬಾಡಿಗೆ ಎಣಿಸುವ ಆಸೆಯಿದ್ದವರು ಇದಕ್ಕೆ ಕೈ ಹಾಕದಿರುವುದೇ ಲೇಸು.