ಜಾನಕಿ ನಿಂತ ಮೇಲೆ ಏನು ನೋಡುವುದು?

ಟಿ.ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ ಮುಗಿಯಲಿಲ್ಲ, ನಿಂತಿತು. 2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಶುರುವಾದ ಧಾರಾವಾಹಿ 2020ರ ಲಾಕ್‌ಡೌನ್‌ಗೆ ಸಿಕ್ಕಿ ನಿಂತಾಗ ಕತೆ ಇನ್ನೂ ನಡುಹಾದಿಯಲ್ಲಿತ್ತು. ಮುಗಿದ ಕತೆಯನ್ನು ಮನಸ್ಸು ಎಲ್ಲೋ ಒಂದು ಕಡೆ ಇಟ್ಟು ಮುಂದೆ ಹೋಗುತ್ತದೆ. ನಿಂತುಹೋದದ್ದು ಹಾಗಲ್ಲ. ಅದನ್ನು ನೋಡುತ್ತಿದ್ದವರು ವರ್ಷಗಳ ನಂತರವೂ ‘ಅಂಥಾದ್ದು ಮತ್ತ ಯಾವುದೈತಿ?’ ಎಂದು ಕೇಳುತ್ತಿರುತ್ತಾರೆ. ವಾಳಪೈಯ ಕನ್ನಡದ ಮನೆಗಳಲ್ಲಿ ನಾನು ಈ ಪ್ರಶ್ನೆಯನ್ನು ಸಾಕಷ್ಟು ಸಲ ಕೇಳಿಸಿಕೊಂಡಿದ್ದೇನೆ. ಪ್ರಶ್ನೆ ನಿಜವಾದದ್ದು. ಆದರೆ ‘ಅಂಥಾದ್ದು’ ಎಂದು ಹುಡುಕುವ ದಾರಿ ಮಾತ್ರ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಊರಿನ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ವಾಳಪೈ ಉತ್ತರ ಗೋವಾದ ಸತ್ತರಿ ತಾಲ್ಲೂಕಿನ ಕೇಂದ್ರ. ಚೋರ್ಲಾ ಘಟ್ಟ ಹತ್ತಿದರೆ ಬೆಳಗಾವಿ ಜಿಲ್ಲೆ. ಕರ್ನಾಟಕ ಅಷ್ಟು ಹತ್ತಿರವಿದ್ದರೂ ಇಲ್ಲಿನ ಪೇಟೆಯ ಮಾತು ಕೊಂಕಣಿ, ಮರಾಠಿ. ಮಕ್ಕಳ ಪಾಠಪುಸ್ತಕಗಳಲ್ಲಿ ಕನ್ನಡವಿಲ್ಲ. ದುಡಿಮೆಗೆಂದು ಘಟ್ಟ ಇಳಿದು ಬಂದ ಮನೆಗಳಲ್ಲಿ ಅವ್ವ ಒಲೆಯ ಮುಂದೆ ಆಡುವ ಮಾತಷ್ಟೇ ಕನ್ನಡ, ಅದೂ ಉಪ್ಪು, ನೀರು, ಊಟ, ನಿದ್ದೆಯ ಕನ್ನಡ. ಅಂಥ ಮನೆಯಲ್ಲಿ ರಾತ್ರಿಯ ಅರ್ಧ ಗಂಟೆ ‘ಮಗಳು ಜಾನಕಿ’ಯ ಸಿ.ಎಸ್.ಪಿ. ವಕೀಲರು ನ್ಯಾಯಾಲಯದಲ್ಲಿ ನಿಂತು ಪೂರ್ಣ ವಾಕ್ಯಗಳಲ್ಲಿ ವಾದಿಸುವುದನ್ನು ಮಕ್ಕಳು ಕೇಳುತ್ತಿದ್ದರು. ಸಾಕ್ಷಿ, ಆರೋಪ, ಆತ್ಮಸಾಕ್ಷಿ ಎಂಬ ಪದಗಳು ಅವರ ಕಿವಿಗೆ ಬೀಳುತ್ತಿದ್ದವು. ಕಂತು ಮುಗಿದ ಮೇಲೆ ಅದರ ಇನ್ನೊಂದು ಪಾತ್ರವಾದ ಭಾರ್ಗಿ ಮಾಡಿದ್ದು ಸರಿಯೋ ತಪ್ಪೋ ಎಂದು ಮನೆಯಲ್ಲಿ ಜಗಳವೂ ಆಗುತ್ತಿತ್ತು. ಧಾರಾವಾಹಿಯ ಜೊತೆ ಹೋದದ್ದು ಈ ಜಗಳ. ಬದಲಿಗೆ ಏನು ತಂದರೂ ಅದು ಈ ಜಗಳವನ್ನು ಮರಳಿ ಹುಟ್ಟಿಸಬೇಕು. ಮುಂದೆ ಹೇಳುವುದನ್ನೆಲ್ಲ ನಾನು ತೂಗಿರುವುದು ಇದೇ ತಕ್ಕಡಿಯಲ್ಲಿ.

‘ಅಂಥಾದ್ದು’ ಹುಡುಕುವವರಿಗೆ ಮೊಬೈಲ್ ಆ್ಯಪ್‌ಗಳು ಕೂಡಲೇ ಪಟ್ಟಿ ಕೊಡುತ್ತವೆ. ದಿಟ್ಟ ನಾಯಕಿ ಬೇಕೆ, ಇಗೋ ಹತ್ತು ದಿಟ್ಟ ನಾಯಕಿಯರು. ಪಟ್ಟಿ ಸುಳ್ಳಲ್ಲ, ಆದರೆ ಅದು ಹೊಂದಿಸುವುದು ಮೇಲುನೋಟದ ಗುರುತುಗಳನ್ನು. ಜಾನಕಿ ಪೊಲೀಸ್ ಅಧಿಕಾರಿ ಎಂಬುದು ಗುರುತು. ಅವಳು ತನ್ನ ಮನೆಯವರ ವಿರುದ್ಧವೇ ಕಾನೂನನ್ನು ಎತ್ತಿ ಹಿಡಿಯಬೇಕಾದ ಸಂಕಟದಲ್ಲಿದ್ದಾಳೆ ಎಂಬುದು ಕತೆಯ ಜೀವ. ಗುರುತು ಸಿಕ್ಕು ಜೀವ ಸಿಗದಿದ್ದರೆ ನೋಡುಗರು ಎರಡನೆಯ ವಾರಕ್ಕೆ ಕೈಬಿಡುತ್ತಾರೆ, ಕೈಬಿಟ್ಟು ಹಳೆಯದನ್ನೇ ಇನ್ನಷ್ಟು ನೆನೆಯುತ್ತಾರೆ.

ಹಳೆಯದನ್ನೇ ಮುಂದುವರಿಸುವುದು ಇನ್ನೊಂದು ದಾರಿ. 1998ರಲ್ಲಿ ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ದೂರದರ್ಶನಕ್ಕೆ ‘ಮಾಯಾಮೃಗ’ ಮಾಡಿದ್ದರು. 2022ರಲ್ಲಿ ಸಿರಿ ಕನ್ನಡ ವಾಹಿನಿಯಲ್ಲಿ ‘ಮತ್ತೆ ಮಾಯಾಮೃಗ’ ಬಂತು. ಬಲ್ಲ ಮುಖಗಳನ್ನು ಮತ್ತೆ ಕಾಣುವ ಸಂತೋಷವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಮೊದಲನೆಯದು ಇಡೀ ಓಣಿ ಒಂದೇ ಹೊತ್ತಿಗೆ ಒಂದೇ ಕತೆ ನೋಡುತ್ತಿದ್ದ ಕಾಲದ್ದು, ಅದರ ಅರ್ಧ ಬಲ ಮರುದಿನ ನಲ್ಲಿಕಟ್ಟೆಯಲ್ಲಿ ನಡೆಯುತ್ತಿದ್ದ ಮಾತಿನಲ್ಲಿತ್ತು. ಆ ಕಾಲವನ್ನು ನಿರ್ದೇಶಕರು ಮತ್ತೆ ಕಟ್ಟಿಕೊಡಲಾರರು.

ನನಗೆ ಫಲ ಕೊಟ್ಟ ದಾರಿ ಬೇರೆ. ಕತೆಯ ಹೋಲಿಕೆಯನ್ನು ಬಿಟ್ಟು ಕತೆ ಮಾಡಿದವರ ಬೆನ್ನು ಹತ್ತುವುದು. ಸೀತಾರಾಮ್ 1976ರಲ್ಲಿ ಪಿ. ಲಂಕೇಶರ ‘ಪಲ್ಲವಿ’ಯಲ್ಲಿ ನಟಿಸಿದವರು. ಆ ಚಿತ್ರ ಲಂಕೇಶರ ‘ಬಿರುಕು’ ಕಾದಂಬರಿಯಿಂದ ಬಂದದ್ದು. ಸೀತಾರಾಮ್ ಅವರೇ ನಿರ್ದೇಶಿಸಿದ ‘ಮತದಾನ’ ಎಸ್.ಎಲ್. ಭೈರಪ್ಪನವರ ಕಾದಂಬರಿಯದು. ಒಬ್ಬ ಮನುಷ್ಯನಿಂದ ಎರಡು ಚಿತ್ರ, ಎರಡು ಕಾದಂಬರಿ, ಒಬ್ಬರಿಗೊಬ್ಬರು ಆಗದ ಇಬ್ಬರು ಲೇಖಕರು. ಯಾವ ಪಟ್ಟಿಯೂ ಇವರಿಬ್ಬರನ್ನು ಅಕ್ಕಪಕ್ಕ ಇಡುವುದಿಲ್ಲ. ಭೈರಪ್ಪನವರನ್ನು ಹಿಡಿದರೆ ಗಿರೀಶ ಕಾಸರವಳ್ಳಿಯವರು ಕಿರುತೆರೆಗೆ ತಂದ ‘ಗೃಹಭಂಗ’ ಸಿಗುತ್ತದೆ. ಅದರ ನಾಯಕಿ ನಂಜಮ್ಮನ ಗಟ್ಟಿತನವನ್ನು ಕಂಡವರಿಗೆ ಜಾನಕಿಯ ದಿಟ್ಟತನ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಶೇಷಾದ್ರಿಯವರ ಬೆನ್ನು ಹತ್ತಿದ್ದು ಇನ್ನೂ ದೂರ ಒಯ್ದಿತು. ಅವರ ‘ಡಿಸೆಂಬರ್ 1’ ನೋಡಿ. ರೊಟ್ಟಿ ಮಾಡಿ ಮಾರುವ ದೇವಕ್ಕನ ಮನೆಯಲ್ಲಿ ಮುಖ್ಯಮಂತ್ರಿ ಒಂದು ರಾತ್ರಿ ವಾಸ್ತವ್ಯ ಮಾಡುತ್ತಾರೆ. ಆ ಒಂದು ರಾತ್ರಿ ಬಡಮನೆಯ ಬದುಕನ್ನೇ ಮುರಿಯುತ್ತದೆ. ಅಧಿಕಾರ ಸಾಮಾನ್ಯರ ಹೊಸ್ತಿಲು ದಾಟಿದಾಗ ಏನಾಗುತ್ತದೆ ಎಂಬುದೇ ಸೀತಾರಾಮ್ ಅವರ ಧಾರಾವಾಹಿಗಳ ವಸ್ತುವೂ ಹೌದು. ಆದರೆ ಸೀತಾರಾಮ್ ಲೋಕದಲ್ಲಿ ಎಲ್ಲರೂ ವಿವರಿಸುತ್ತಾರೆ. ಕಳ್ಳನೂ ತನ್ನ ಕಳ್ಳತನದ ತತ್ವ ಹೇಳುತ್ತಾನೆ, ಎದುರಿಗಿರುವವರು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಅದು ಅವರ ಶಕ್ತಿ, ದಿನದಿನದ ಕಂತುಗಳಲ್ಲಿ ಅದೇ ಅವರ ದೌರ್ಬಲ್ಯವೂ ಆಯಿತು. ದೇವಕ್ಕನ ಮನೆಯವರಿಗೆ ತಮಗಾದದ್ದನ್ನು ವಿವರಿಸುವ ಮಾತೇ ಇಲ್ಲ. ಜೋಳದ ರೊಟ್ಟಿ ಬಡಿಯುವ ಸದ್ದು ಗೊತ್ತಿರುವ ನಮ್ಮ ಓಣಿಯ ಹೆಂಗಸರು ಈ ಚಿತ್ರ ನೋಡಿ ಬಹಳ ಹೊತ್ತು ಮಾತಾಡಿದರು. ತಪ್ಪು ಯಾರದು ಎಂದು ಮಾತು ತೆಗೆದವರು ಸಿಟ್ಟಿನಲ್ಲೇ ಎದ್ದರು. ಎರಡು ಗಂಟೆಯೊಳಗೆ ಮುಗಿದುಹೋಗುವ ಚಿತ್ರ ಅಷ್ಟು ಮಾತು ಹುಟ್ಟಿಸಿದ್ದು ಸಣ್ಣ ಸಂಗತಿಯಲ್ಲ.

ಅದೇ ಶೇಷಾದ್ರಿಯವರು ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನೂ ಚಿತ್ರವಾಗಿಸಿದ್ದಾರೆ. ಚಿತ್ರ ಚೆನ್ನಾಗಿದೆ, 1943ರ ಕಾದಂಬರಿ ಅದಕ್ಕಿಂತ ಎಷ್ಟೋ ದೊಡ್ಡದು. ಇದನ್ನು ಓದಬೇಕಾದದ್ದು ಗಟ್ಟಿಯಾಗಿ, ಮನೆಯವರ ನಡುವೆ ಕೂತು, ದಿನಕ್ಕೆ ಒಂದಿಷ್ಟು. ಸುಬ್ರಹ್ಮಣ್ಯದ ಹಾದಿಯಲ್ಲಿ ದಾರಿ ತಪ್ಪಿದವನನ್ನು ದೇರಣ್ಣ, ಬಟ್ಯ ಎಂಬಿಬ್ಬರು ಕತ್ತಲಲ್ಲಿ ಗೋಪಾಲಯ್ಯನೆಂಬವನ ಮನೆಗೆ ಕರೆತರುವ ಆರಂಭವನ್ನು ಒಮ್ಮೆ ಓದಿ ನಿಲ್ಲಿಸಿದರೆ, ಮರುದಿನ ಮಕ್ಕಳೇ ಪುಸ್ತಕ ತಂದುಕೊಡುತ್ತಾರೆ. ಧಾರಾವಾಹಿಯ ಮುಖ್ಯ ಸುಖ ‘ನಾಳೆ ಏನು’ ಎಂಬುದು. ಅದು ಟಿ.ವಿ.ಯ ಸ್ವತ್ತಲ್ಲ, ವಾರಪತ್ರಿಕೆಗಳಲ್ಲಿ ಕಂತುಕಂತಾಗಿ ಕಾದಂಬರಿ ಓದಿದ ಹಿರಿಯರಿಗೆ ಇದು ಗೊತ್ತು. ಸತ್ತರಿಯಲ್ಲಿ ಈ ಕಾದಂಬರಿಗೆ ಇನ್ನೊಂದು ಬಲವೂ ಸೇರುತ್ತದೆ. ಇಲ್ಲಿ ಕುಳಾಗರಗಳಿವೆ, ಗುಡ್ಡದ ನೀರು ತಿರುಗಿಸಿ ಬೆಳೆಸಿದ ಅಡಿಕೆ, ತೆಂಗು, ಬಾಳೆಯ ತೋಟಗಳು. ಗೋಪಾಲಯ್ಯ ಕಾಡು ಕಡಿದು ಅಡಿಕೆ ಎಬ್ಬಿಸಿದ ಮಾತು ಬಂದಾಗ ಮಕ್ಕಳು ಕಿಟಕಿಯಾಚೆ ಬೆರಳು ತೋರಿಸುತ್ತಾರೆ.

ಗೋಪಾಲಯ್ಯ, ಶಂಕರಮ್ಮ ದಂಪತಿಯ ಮಗ ಶಂಭು ಮನೆ ಬಿಟ್ಟು ಹೋದವನು. ಅವನು ತಿರುಗಿ ಬಂದು ಅಂಗಳದಲ್ಲಿ ನಿಲ್ಲುವುದನ್ನು ಕಾರಂತರು ತೋರಿಸುವುದಿಲ್ಲ. ‘ಇದೂ ಜಾನಕಿ ಹಾಂಗ ಅರ್ಧಕ್ಕ ಬಿಟ್ರು’ ಎಂಬ ದೂರು ಬಂತು. ಬರಬೇಕಾದದ್ದೇ. ಉತ್ತರ ಕೊಡದೆ ಬಿಡುವುದಕ್ಕೂ ಕತೆ ನಿಂತುಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಮನೆಯವರೇ ವಾದ ಮಾಡಿ ಕಂಡುಕೊಂಡರು. ಶಂಭು ಬರದಿದ್ದರೂ ಕಾಯುವವರು ಯಾರು, ಹೇಗೆ ಕಾಯುತ್ತಾರೆ ಎಂಬುದನ್ನು ಕಾರಂತರು ಪೂರ್ತಿ ಹೇಳಿ ಮುಗಿಸಿದ್ದಾರೆ. ಜಾನಕಿಯ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ, ಅದಕ್ಕೆ ಸೀತಾರಾಮ್ ಅವರನ್ನು ದೂರುವಂತೆಯೂ ಇಲ್ಲ.

ಎಲ್ಲ ದೊಡ್ಡ ಪುಸ್ತಕಗಳೂ ಗಟ್ಟಿ ಓದಿಗೆ ಒಗ್ಗುವುದಿಲ್ಲ. ‘ಬಿರುಕು’ ಒಂಟಿಯಾಗಿ ಓದಬೇಕಾದ ಪುಸ್ತಕ, ಮನೆಮಂದಿಯ ನಡುವೆ ಅದು ಮುದುಡುತ್ತದೆ. ತೇಜಸ್ವಿಯವರ ‘ಕರ್ವಾಲೊ’ ಅದಕ್ಕೆ ತದ್ವಿರುದ್ಧ, ಅದರ ಪಾತ್ರ ಮಂದಣ್ಣನ ಮಾತುಗಳು ಓದುವವರ ಬಾಯಲ್ಲೇ ನಟನೆಯಾಗುತ್ತವೆ. ಅದರಲ್ಲಿ ಹುಡುಕುವ ಹಾರುವ ಓತಿಯ ಕುಲದವು ಪಶ್ಚಿಮ ಘಟ್ಟದ ಈ ತುದಿಯಲ್ಲೂ ಇವೆ, ಮಹದಾಯಿ ಅಭಯಾರಣ್ಯ ನಮ್ಮ ಊರಿನ ಮಗ್ಗುಲಲ್ಲೇ ಇದೆ.

ನಮ್ಮ ಓಣಿಯಲ್ಲಿ ಮುಂದಿನ ಸರದಿ ಮಹಾಬಳೇಶ್ವರ ಸೈಲ್ ಅವರದಾಗಬೇಕೆಂದು ನನ್ನ ಆಸೆ. ಕಾರವಾರದ ಬಳಿಯ ಮಾಜಾಳಿಯಲ್ಲಿ ಹುಟ್ಟಿದ ಅವರು ಕೊಂಕಣಿಯಲ್ಲಿ ಬರೆಯುತ್ತಾರೆ, ‘ಕಾಳಿ ಗಂಗಾ’ ನಮ್ಮದೇ ಕಾಳಿ ನದಿಯ ದಡದವರ ಕಾದಂಬರಿ. ದೇವನಾಗರಿಯಲ್ಲಿ ಅಚ್ಚಾದದ್ದನ್ನು ನಮ್ಮ ಮಕ್ಕಳು ಸಲೀಸಾಗಿ ಓದುತ್ತಾರೆ, ಹಿರಿಯರಿಗೆ ಅಕ್ಷರ ಬಾರದಿದ್ದರೂ ಪೇಟೆಯಲ್ಲಿ ಕಲಿತ ಕೊಂಕಣಿ ಕೇಳಿದರೆ ತಿಳಿಯುತ್ತದೆ. ಈ ಸಲ ಓದುವ ಕೆಲಸ ಮಕ್ಕಳದು, ನಡುವೆ ತಡೆದು ಕನ್ನಡದಲ್ಲಿ ತಕರಾರು ತೆಗೆಯುವುದು ಅವ್ವಂದಿರದು.