ಕಂದು ಹಾಕುವ ರೋಗವೂ ರಕ್ತಪರೀಕ್ಷೆಯ ಸಾಕ್ಷ್ಯವೂ

ಟಿಪ್ಪು ಸುಲ್ತಾನನ ಸಮಾಧಿಯಿರುವ ಗಂಜಾಮು ಗೋಸಂಪತ್ತಿನ ಇತಿಹಾಸಕ್ಕೂ ಹತ್ತಿರವಾದ ಸ್ಥಳ. ಮೈಸೂರರಸರ ಬೆಣ್ಣೆ ಚಾವಡಿಯು ಅಮೃತಮಹಲೆಂಬ ಹೆಸರನ್ನು ಪಡೆದದ್ದು ಆ ಸುಲ್ತಾನನಿಂದಲೇ. ಅಂದು ಎತ್ತಿನ ಬಲವು ರಾಜ್ಯಕ್ಕೆ ಬೇಕಾಗಿತ್ತು. ಇಂದು ಹಸುವಿನ ಹಾಲು ಈ ಸೀಮೆಯ ರೈತನ ಮನೆಯನ್ನು ನಡೆಸುತ್ತದೆ. ಆದಕಾರಣ ಕಂದು ಹಾಕುವ ರೋಗವನ್ನು, ಎಂದರೆ ಬ್ರೂಸೆಲ್ಲೋಸಿಸನ್ನು, ಸರಿಯಾಗಿ ಗುರುತಿಸುವುದು ಅಲ್ಪವಿಷಯವಲ್ಲ. ಈ ವ್ಯಾಧಿಯಿಂದ ಹಸುವಿನ ಗಬ್ಬವು ಕೊನೆಯ ತಿಂಗಳುಗಳಲ್ಲಿ ಜಾರುತ್ತದೆ. ಕಾಯಿಸದ ಹಾಲಿನ ಮೂಲಕ ಮನುಷ್ಯನಿಗೂ ದೀರ್ಘಜ್ವರ ಅಂಟುತ್ತದೆ.

ಹೆಚ್ಚಾಗಿ ಬಳಕೆಯಲ್ಲಿರುವುದು ರೋಸ್ ಬೆಂಗಾಲ್ ಪರೀಕ್ಷೆ. ಹಸುವಿನ ಸೀರಮ್ಮಿನ ಒಂದು ಹನಿಗೆ ಬಣ್ಣವೇರಿಸಿದ ನಿರ್ಜೀವ ಕ್ರಿಮಿಗಳ ಒಂದು ಹನಿಯನ್ನು ಬೆರೆಸಿ, 4 ನಿಮಿಷ ಅಲುಗಿಸಿ ನೋಡುವರು. ಮಿಶ್ರಣವು ಹರಳುಗಟ್ಟಿದರೆ ಪಾಸಿಟಿವ್. ಅಲ್ಪವೆಚ್ಚವೂ ಶೀಘ್ರತೆಯೂ ಇದರ ಗುಣಗಳು. ಆದರೆ ಇದು ತೋರಿಸುವುದು ಕ್ರಿಮಿಯನ್ನಲ್ಲ, ಕ್ರಿಮಿಗೆ ಎದುರಾಗಿ ದೇಹದಲ್ಲಿ ಹುಟ್ಟಿದ ಪ್ರತಿಕಾಯವನ್ನು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಂತೆ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಹಾಕುವ ಲಸಿಕೆಯೂ ಅಂಥದೇ ಪ್ರತಿಕಾಯವನ್ನು ಹುಟ್ಟಿಸಬಲ್ಲುದು. ಯರ್ಸಿನಿಯಾ ಜಾತಿಯ ಒಂದು ಕ್ರಿಮಿಯೂ ಅದೇ ಭ್ರಮೆಯನ್ನುಂಟುಮಾಡುತ್ತದೆ. ಇದಕ್ಕೆ ಪ್ರತಿಯಾಗಿ, ಸೋಂಕು ಹೊಸದಾಗಿದ್ದರೆ ರೋಗವಿದ್ದೂ ಪರೀಕ್ಷೆ ಮೌನವಾಗಿರಬಹುದು.

ಪರೀಕ್ಷೆಯ ಬೆಲೆಯು ಮಂದೆಯನ್ನೂ ಅವಲಂಬಿಸಿದೆ. ರೋಗವಿದ್ದ ಮತ್ತು ಇಲ್ಲದ ಹಸುಗಳೆರಡರಲ್ಲಿಯೂ ನೂರಕ್ಕೆ 95 ಪಾಲು ಸರಿಯಾಗಿ ನುಡಿಯುವ ಪರೀಕ್ಷೆಯೊಂದನ್ನು ಊಹಿಸಬಹುದು. 1000 ಹಸುಗಳಲ್ಲಿ 20ಕ್ಕೆ ಮಾತ್ರ ರೋಗವಿದ್ದರೆ, ಪಾಸಿಟಿವ್ ಎನಿಸುವ 68ರಲ್ಲಿ ನಿಜವಾದ ರೋಗಿಗಳು 19. ಉಳಿದ 49 ನಿರಪರಾಧಿಗಳು. 200ಕ್ಕೆ ರೋಗವಿದ್ದರೆ 230ರಲ್ಲಿ 190 ನಿಜ. ಪರೀಕ್ಷೆ ಒಂದೇ, ಅದರ ಮಾತಿನ ಅರ್ಥ ಮಾತ್ರ ಬೇರೆ.

ಒಂದೇ ಓಲೆಪ್ರತಿಯನ್ನು ನಂಬಿ ಪಾಠವನ್ನು ನಿರ್ಣಯಿಸುವುದು ಹೇಗೆ ಅಯುಕ್ತವೋ ಇದೂ ಹಾಗೆಯೇ. ಮೊದಲನೆಯ ಪರೀಕ್ಷೆಯಲ್ಲಿ ಸಂಶಯಕ್ಕೊಳಗಾದ ಹಸುವನ್ನು ಎಲೈಸಾ ಮುಂತಾದ ಇನ್ನೊಂದು ಪರೀಕ್ಷೆಗೆ ಒಡ್ಡಿ, ಲಸಿಕೆಯ ದಾಖಲೆಯನ್ನೂ ಗಬ್ಬದ ಚರಿತ್ರೆಯನ್ನೂ ಜೊತೆಗಿಟ್ಟು ತೀರ್ಮಾನಿಸುವುದು ಯುಕ್ತ. ಕ್ರಿಮಿಯನ್ನೇ ಬೆಳೆಸಿ ನೋಡುವುದು ನಿಸ್ಸಂದೇಹವಾದ ಪ್ರಮಾಣವಾದರೂ ಅದು ನಿಧಾನ, ಪರೀಕ್ಷಕನಿಗೆ ಅಪಾಯಕರ. ತಪ್ಪು ತೀರ್ಪಿನಿಂದ ಒಳ್ಳೆಯ ಹಸುವನ್ನು ಕಳೆದುಕೊಳ್ಳುವ ಮನೆಗೂ, ರೋಗದ ಹಸುವನ್ನು ಸಂತೆಯಲ್ಲಿ ಕೊಳ್ಳುವ ಮನೆಗೂ ನಷ್ಟ ಸಮಾನವೇ. ರಕ್ತಪರೀಕ್ಷೆಯು ಯೋಗ್ಯವಾದ ಸಾಕ್ಷಿ. ಅದನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸಲಾಗದು.